ಬಸಿಲಿಯಾಳ ಹಿತ್ತಲ ಮಾಶ್ವಾ

ಹಿಲಾರಿಯಾ ಸಾರಿನ ಬಟ್ಟಲು ಚಾಚಿದ್ದೇ ತಡ, ಬೀಗ ಲಾಸಾರೊ ಹಾವು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡ.

"ಏನಮ್ಮಾ, ಮಾಶ್ವಾ ಗೆಡ್ಡೆ ಹಾಕಿದ್ದೀಯಲ್ಲ! ಮನೆಗೆ ಹೋದ್ಮೇಲೆ ನಮ್ಮೋಳಿಗೆ ಏನಂತ ಉತ್ತರ ಕೊಡ್ಲಿ?"

ಸ್ಮಶಾನದಲ್ಲಿ ಸಾಲಾಗಿ ಕೂತಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. ಹಿಲಾರಿಯಾಳ ತಾಯಿ ಬಸಿಲಿಯಾಳನ್ನು ಮಣ್ಣುಮಾಡಿ ಇನ್ನೂ ಗಳಿಗೆಯಾಗಿರಲಿಲ್ಲ. ಆ ಗೆಡ್ಡೆ ತಿಂದರೆ ಗಂಡಸುತನ ಹೋಗುತ್ತದೆಂಬುದು ಬೆಟ್ಟದ ಅಷ್ಟೂ ಊರುಗಳಿಗೆ ಗೊತ್ತು.

"ನಾಳೆ ಹಿತ್ತಲಲ್ಲಿರೋದನ್ನೆಲ್ಲ ಅಗೆದು ಹಂದಿಗೆ ಹಾಕ್ತೀನಿ ಮಾವ," ಎಂದ ಬಸಿಲಿಯಾಳ ಹಿರಿಮಗ ಕ್ರಿಸಾಂತೊ. "ಅವ್ವ ಇದ್ದಾಳೇಂತ ಬಿಟ್ಟಿದ್ದೆ. ಇನ್ನು ಆ ಜಾಗಕ್ಕೆ ಕುಸ್ಕೊ ಪೇಟೆಯ ಹೊಸ ಆಲೂಗಡ್ಡೆ."

ಬಸಿಲಿಯಾಳ ಗಂಡ, ಮುದುಕ ತೋರಿಬಿಯೊ, ಅವಳ ಮಾಶ್ವಾ ಬೀಜದ ಗೆಡ್ಡೆಗಳ ಗಂಟನ್ನು ಗೋರಿಯ ಮೇಲಿಟ್ಟು ಕೂತಿದ್ದ. ಬಾಯಿ ಬಿಟ್ಟರೆ ಮಾನ ಹೋಗುತ್ತಿತ್ತು. ಬಿಡದಿದ್ದರೆ ಅವಳ ಹಿತ್ತಲೇ ಹೋಗುತ್ತಿತ್ತು.

*

ಬಸಿಲಿಯಾ ಹರೆಯದಲ್ಲಿದ್ದಾಗ ಜಮೀನ್ದಾರ ದಣಿಗಳ ಕಾಲ. ಬೆಳೆದ ಆಲೂಗಡ್ಡೆಯೆಲ್ಲ ದಣಿಯ ಕಣಜಕ್ಕೆ, ಬೆಳೆದವರ ಮಕ್ಕಳಿಗೆ ಸಿಪ್ಪೆ. ಸಾಲದ್ದಕ್ಕೆ ಪಾರುಪತ್ಯಗಾರ ಕುದುರೆಯೇರಿ ಬಂದು ಹಿತ್ತಲುಗಳನ್ನೂ ಬಳಿದುಕೊಂಡು ಹೋಗುತ್ತಿದ್ದ. ಬಸಿಲಿಯಾಳ ಪಾತಿ ಕೆದಕಿ, ಹಳದಿ ಗೆಡ್ಡೆಯೊಂದನ್ನು ಎತ್ತಿ, "ಇದೇನೇ?" ಎಂದ.

"ಮಾಶ್ವಾ, ಸ್ವಾಮಿ. ತಗೊಂಡೋಗಿ, ದಣಿಗೂ ಕೊಡಿ. ಮೊನ್ನೆ ನಮ್ಮ ಹೋರಿಗೆ ಹಾಕಿದ್ವಿ. ಪಾಪ, ಅವತ್ತಿಂದ ಹಸು ಕಂಡ್ರೆ ಗೋಡೆ ಕಡೆ ತಿರುಗಿ ನಿಲ್ಲುತ್ತೆ."

ಆತ ಗೆಡ್ಡೆ ಬಿಸಾಡಿ, ಕೈಯನ್ನು ಕುದುರೆಗೆ ಒರೆಸಿ, ಹೊರಟೇಹೋದ. ಮತ್ತೆಂದೂ ಆ ಹಿತ್ತಲಿಗೆ ಕಾಲಿಡಲಿಲ್ಲ.

ಬಿಸಿಲಿಗೆ ಹರವಿ ಸಿಹಿಯಾದ ಮಾಶ್ವಾ ಬೇಯಿಸಿ, ಕದ ಹಾಕಿಕೊಂಡು ಗಂಡ ಹೆಂಡಿರು ಉಂಡರು. ದಣಿಗಳ ಕಾಲ ಹೋಯಿತು. ಕದ ಹಾಕುವ ಅಭ್ಯಾಸ ಮಾತ್ರ ಉಳಿಯಿತು.

*

ತೋರಿಬಿಯೊ ಎದ್ದು, ಬೀಗ ಬೇಡವೆಂದ ಬಟ್ಟಲನ್ನು ತೆಗೆದುಕೊಂಡು ಗಟಗಟನೆ ಕುಡಿದ. ತಳದ ಗೆಡ್ಡೆಯನ್ನು ಎಲ್ಲರೆದುರೇ ಅಗಿದ. ನಗು ನಿಂತಿತು.

"ಅಪ್ಪಾ, ಏನ್ಮಾಡ್ತಿದ್ದೀಯ?" ಎಂದ ಕ್ರಿಸಾಂತೊ.

"ಮದುವೆಯಾದಾಗಿಂದ ಮಾಡ್ಕೊಂಡು ಬಂದದ್ದೇ. ದಿನಾ ಒಂದು ಬಟ್ಟಲು. ಲೋ ಕ್ರಿಸಾಂತೊ, ನೀವು ಮಕ್ಕಳು ಎಷ್ಟು ಜನರೋ?"

"ಒಂಬತ್ತು."

"ಜೋರಾಗಿ ಹೇಳು. ನಿಮ್ಮ ಮಾವಂಗೆ ಕಿವಿ ಮಂದ."

"ನಮ್ಮನೇಲಿ ಮಾಶ್ವಾ ಮುಟ್ಟದೇನೇ ಎರಡು ಮಕ್ಕಳಿಗೇ ಸುಸ್ತು, ಬೀಗರೇ!" ಎಂದು ಕೂಗಿದಳು ಲಾಸಾರೊನ ಹೆಂಡತಿ. ಹೆಂಗಸರ ಸಾಲು ಬಿದ್ದು ಬಿದ್ದು ನಕ್ಕಿತು. ಹಿಲಾರಿಯಾ ಅಳುತ್ತಲೇ ನಕ್ಕಳು. ಕ್ರಿಸಾಂತೊ ತಲೆ ತಗ್ಗಿಸಿ ತನ್ನ ಬಟ್ಟಲು ಚಾಚಿದ.

"ನಂಗೂ ಒಂದು ಸೌಟು ಹಾಕಮ್ಮ."

ಹೊರಡುವಾಗ ಗಂಡಸರೆಲ್ಲ ಟೋಪಿ ತೆಗೆದು ಗೋರಿಗೆ ತಲೆಬಾಗಿದರು. ಲಾಸಾರೊ ಒಬ್ಬ ತೆಗೆಯಲಿಲ್ಲ. ತೋರಿಬಿಯೊ ಗೋರಿಯ ಮೇಲಿನ ಗಂಟು ನೋಡಿದ. ಯಾರೋ ಬಿಚ್ಚಿ ಅವಸರದಲ್ಲಿ ಕಟ್ಟಿದ್ದರು, ಗಂಟು ಸಣ್ಣದಾಗಿತ್ತು. ಬೀಗನ ಟೋಪಿ ತಲೆಗಿಂತ ನಾಲ್ಕು ಬೆರಳು ಮೇಲೆ ಕೂತಿತ್ತು.