ಎದುರಿಗಿದ್ದವರ ವಿಧವೆ

ಶನಿವಾರ ಸಂಜೆ, ಈ ಪರದೇಶದ ನಮ್ಮ ಬಡಾವಣೆ ಗಿರಾವೀನಿನಲ್ಲಿ, ಹಿರಿಯಣ್ಣನವರ ಮನೆಯಲ್ಲಿ ಕಾವ್ಯವಾಚನವಿರುತ್ತಿತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ನನ್ನ ಶನಿವಾರಗಳೆಲ್ಲ ಅಲ್ಲೇ. ಹಿರಿಯಣ್ಣನವರು ಹಾಡುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಷಟ್ಪದಿ ಎದ್ದು, ಬಳುಕಿ, ಮೂರನೆಯ ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲುವಾಗ ಆಚೆಯ ರೈಲಿನ ಸದ್ದು ಕೂಡ ದೂರದ ಹೊಳೆಯಂತೆ ಕೇಳುತ್ತಿತ್ತು. ಆಮೇಲೆ ಅವರ ಹೆಂಡತಿ ಜಾನಕಿ ಕಾಫಿ ತರುತ್ತಿದ್ದರು.

"ದೇವರು ಇವರಿಗೆ ಕಂಠಾನೂ ಕೊಟ್ಟ, ಸಕ್ಕರೆ ಕಾಯಿಲೇನೂ ಕೊಟ್ಟ," ಎಂದು ಗಂಡನ ಲೋಟವನ್ನು ಬೇರೆಯಾಗಿ ಇಡುತ್ತಿದ್ದರು. ನಾವು ನಗುತ್ತಿದ್ದೆವು.

ಮೊದಲು ಬಂದದ್ದು ಮಕ್ಕಳು. "ಪರದೆ ಹಿಂದೆ ಮಕ್ಕಳು ಕೂತಿವೆ ನೋಡಿ. ಪಾಪ, ಮಾತೇ ಆಡಲ್ಲ," ಎಂದು ಜಾನಕಿ ಒಂದು ಸಂಜೆ ತೋರಿಸಿದರು. ಪರದೆಯ ಮೇಲೆ ಇಳಿಬಿಸಿಲಿತ್ತು, ಅಷ್ಟೆ. ಅವರಿಗೆ ಹೆದರಿಕೆಯಿರಲಿಲ್ಲ, ಆ ಮಕ್ಕಳಿಗೆಂದು ಸಣ್ಣ ತಟ್ಟೆಗಳಲ್ಲಿ ಅವಲಕ್ಕಿ ಹಾಕಿಟ್ಟಿದ್ದರು. ಕೆಲವು ದಿನ ಎಂದಿನ ಜಾನಕಿಯೇ. ಕೆಲವು ದಿನ ಮಂಜಿನೊಳಗಿನಿಂದ ಮಾತಾಡುತ್ತಿದ್ದರು. ಹೆಜ್ಜೆ ಚಿಕ್ಕದಾಯಿತು, ಕೈ ನಡುಗಿತು.

ಒಂದು ಬೆಳಿಗ್ಗೆ ಹಾಲಿನ ಲೋಟ ಹಿಡಿದು ಬಂದ ಹಿರಿಯಣ್ಣನವರನ್ನು ದಿಟ್ಟಿಸಿ ನೋಡಿ, "ನೀವು ಯಾರು?" ಎಂದರಂತೆ.

"ಇನ್ಯಾರು ಜಾನಕಿ, ನಾನೇ."

"ಅವರ ಹಾಗೇ ಇದ್ದೀರಿ. ಅವರ ಸ್ವೆಟರೂ ಹಾಕ್ಕೊಂಡಿದ್ದೀರಿ. ಆದ್ರೆ ಅವರಲ್ಲ." ಆಮೇಲೆ ಮೆಲ್ಲಗೆ, "ಹಾಗಾದ್ರೆ ಅವರು ಹೋಗಿಬಿಟ್ರು ಅಲ್ವಾ? ನನಗೆ ಯಾರೂ ಹೇಳಲೇ ಇಲ್ಲ."

ಅಂದೇ ಜಾನಕಿ ಹಣೆಯ ಕುಂಕುಮ ಒರೆಸಿಕೊಂಡರು. ಬಳೆ ಕಳಚಿದರು. ತಾಳಿ ತೆಗೆದು ದೇವರ ಮುಂದಿಟ್ಟರು. ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮ ಹೆಂಗಸರಿಗೆ ಅದು ಚಿಕ್ಕಂದಿನಿಂದ ಬಾಯಿಪಾಠ.

ಕೆಲ್ಲಿವಿಲ್ ಬಡಾವಣೆಯಲ್ಲಿರುವ ಅವರ ಮಗಳು ಗಾನವಿ ತಾಯಿಯನ್ನು ಸ್ಪೆಷಲಿಸ್ಟ್ ಹತ್ತಿರ ಕರೆದುಕೊಂಡು ಹೋಗಿ ಬಂದಳು. "ಲೂಯಿ ಬಾಡಿ ಡಿಮೆನ್ಶಿಯಾ ಅಂತೆ ಆಂಟಿ, ಒಂಥರಾ ಮರೆವಿನ ಕಾಯಿಲೆ. ಮೆದುಳಲ್ಲಿ ಒಂದು ಪ್ರೋಟೀನ್ ಉಂಡೆ ಉಂಡೆಯಾಗಿ ಸೇರ್ಕೊಳುತ್ತೆ. ಒಳಗೆಲ್ಲೋ ಬಾದಾಮಿಯಷ್ಟು ಚಿಕ್ಕ ಜಾಗ ಇದೆ. ಭಯ, ಅಕ್ಕರೆ ಎಲ್ಲಾ ಅಲ್ಲಿಂದಾನೇ ಹಾದು ಬರಬೇಕು. ಅಲ್ಲೂ ಅದು ಸೇರ್ಕೊಂಡಿದೆ. ಅಮ್ಮ ಅಪ್ಪನ ಮುಖ ಸರಿಯಾಗೇ ನೋಡ್ತಾಳೆ. 'ಇವರು ನಮ್ಮವರು' ಅಂತ ಎದೆ ಬೆಚ್ಚಗಾಗಬೇಕಲ್ಲ, ಅದು ಆಗಲ್ಲ. ಭಯ ಒಂದೇ ಉಳಿಯುತ್ತೆ. ವಾದ ಮಾಡಬೇಡಿ, ಧೈರ್ಯ ಕೊಡಿ ಅಂದ್ರು ಡಾಕ್ಟರ್."

ನನಗೆ ಅದು ತಿಳಿಯಿತು. ಪದ್ಯ ಕಿವಿಗೆ ಬೀಳುತ್ತದೆ, ಭಾವ ಇಳಿಯುವುದಿಲ್ಲ, ಹಾಗೆ.

ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹಿರಿಯಣ್ಣನವರ ಅಕ್ಕ ಪದ್ದಕ್ಕ ಮೆಲ್ಬೋರ್ನಿನಿಂದ ಬಂದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು. ಅವರ ಮಾತಿಗೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ.

"ಗಂಡ ಗುಂಡುಕಲ್ಲಿನ ಹಾಗಿರುವಾಗ ಬೋಳು ಹಣೆ! ಲೋ ಹಿರಿಯಣ್ಣ, ನಿನ್ನ ಆಯುಸ್ಸಿಗೇ ಕುತ್ತು ಕಣೋ ಇದು."

"ಅದು ಕಾಯಿಲೆ ಅಕ್ಕ. ಡಾಕ್ಟರ್ ಹೇಳಿದ್ದಾರೆ."

"ಆ ಬಿಳಿ ಡಾಕ್ಟರಿಗೇನು ಗೊತ್ತು! ಅವನ ಹೆಂಡತಿ ಹಣೆ ಮದುವೆ ದಿನಾನೂ ಬೋಳೇ. ನಾಳೆ ಬೆಳಿಗ್ಗೆ ನೀನು ಇನ್ನೊಂದು ಸಲ ತಾಳಿ ಕಟ್ಟು. ನಮ್ಮ ಮೆಲ್ಬೋರ್ನಿನ ಡ್ಯಾಂಡಿನಾಂಗ್ ಅಂಗಡಿಯಿಂದ ಅರಿಶಿನದ ದಾರ, ಕೊಂಬು ತಂದಿದ್ದೀನಿ. ನಮ್ಮ ಭಟ್ಟರು ವಿಡಿಯೋ ಕಾಲಲ್ಲಿ ಮಂತ್ರ ಹೇಳ್ತಾರೆ. ಕೊರಳಿಗೆ ಬಿದ್ದ ಮೇಲೆ ನೆನಪು ತಾನಾಗೇ ಬರುತ್ತೆ."

"ಅತ್ತೆ, ಈಗ ಅಮ್ಮನ ಕಣ್ಣಿಗೆ ಅಪ್ಪ ಯಾರೋ ಹೊರಗಿನವರು," ಎಂದಳು ಗಾನವಿ. "ಗುರುತಿಲ್ಲದವನು ಬಂದು ನಿಮ್ಮ ಕೊರಳಿಗೆ ಕಟ್ಟಿದ್ರೆ ಹೇಗಿರುತ್ತೆ?"

"ಥೂ, ಬಿಡ್ತು ಅನ್ನು!"

ಹಿರಿಯಣ್ಣನವರು ತಲೆ ತಗ್ಗಿಸಿ ಅಕ್ಕನ ಕೈಯಿಂದ ದಾರ ತೆಗೆದುಕೊಂಡರು.

ಮರುದಿನ ನಾನು ಒಬ್ಬಟ್ಟು ತಟ್ಟಲು ಹೋಗಿದ್ದೆ. ನಮ್ಮ ಪದ್ಧತಿ ವಿಚಿತ್ರ. ಒಬ್ಬಟ್ಟಿಗೆ ವಿಧವೆಯ ಕೈ ಆಗುತ್ತದೆ, ಕುಂಕುಮಕ್ಕೆ ಅವಳ ಹಣೆ ಆಗುವುದಿಲ್ಲ. ಅಕ್ಕಿಯ ಡಬ್ಬಿಗೆ ಒರಗಿಸಿಟ್ಟ ಫೋನಿನಿಂದ ಮಂತ್ರ ಬರುತ್ತಿತ್ತು. ಮಣೆಯ ಮೇಲೆ ಜಾನಕಿ ಕನಸಿನಲ್ಲಿದ್ದವರಂತೆ ಕುಳಿತಿದ್ದರು. ಹಿರಿಯಣ್ಣನವರು ದಾರ ಹಿಡಿದು ಬಾಗಿದರು.

"ಅಯ್ಯೋ, ಬೇಡಪ್ಪ! ನಾನು ಗಂಡ ಸತ್ತವಳು. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮಾನ ಕಳೀಬೇಡ!"

ಹಾಗೆಂದವರು ನಿಜವಾಗಿಯೂ ಅವರ ಕಾಲಿಗೆ ಬಿದ್ದರು. ಆಮೇಲೆ ತಡವರಿಸುತ್ತ ಹೋಗಿ ವಾಷಿಂಗ್ ಮೆಷಿನ್ನಿನ ಪಕ್ಕದ ಸಂದಿಯಲ್ಲಿ ಮುದುಡಿ ಕುಳಿತರು. ಮಧ್ಯಾಹ್ನದವರೆಗೂ ಗಾನವಿ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಬೆನ್ನು ಸವರಿದಳು.

ಹಿರಿಯಣ್ಣನವರು ಫೋನ್ ಆರಿಸಿದರು. "ಸಾಕು ಅಕ್ಕ. ಇನ್ನು ಕಟ್ಟಲ್ಲ."

"ಹಾಗಾದ್ರೆ ಸಂಜೆ ಮುತ್ತೈದೆಯರು ಬಂದಾಗ ಅವಳು ರೂಮಲ್ಲೇ ಇರಲಿ. ಬಂದವರು ಏನಂದುಕೋಬೇಕು?"

ಅವರು ದಾರವನ್ನು ತಟ್ಟೆಯಲ್ಲಿಟ್ಟು ರೂಮಿನ ಹಾಸಿಗೆ ಸರಿಮಾಡಲು ಹೋದರು.

ಸಂಜೆ ಮನೆ ತುಂಬ ರೇಷ್ಮೆ ಸೀರೆಗಳು, ಬಳೆಗಳು. ದೀಪದ ಬೆಳಕಿನಲ್ಲಿ ಎಲ್ಲರ ಮುಖಗಳೂ ನೀರಿನಲ್ಲಿ ಕಂಡಂತೆ ತೇಲುತ್ತಿದ್ದವು. ಹಾಡು ಶುರುವಾದಾಗ ರೂಮಿನ ಬಾಗಿಲು ತೆರೆಯಿತು. ಜಾನಕಿ ಸಣ್ಣ ಹೆಜ್ಜೆಯಿಡುತ್ತ ಬಂದು, ಚಪ್ಪಲಿ ಗೂಡಿನ ಹತ್ತಿರ ಕುಳಿತಿದ್ದ ನನ್ನ ಪಕ್ಕ ಕುಳಿತರು. ತುಟಿಯಲ್ಲೇ ಹಾಡಿಗೆ ದನಿಗೂಡಿಸಿದರು. ಗಾನವಿ ಕುಂಕುಮದ ತಟ್ಟೆ ಹಿಡಿದು ನೇರವಾಗಿ ತಾಯಿಯ ಮುಂದೆ ಬಂದಳು.

ಜಾನಕಿಯ ಕೈ ಅರ್ಧ ಚಾಚಿತು. ಥಟ್ಟನೆ ಸೆರಗಿನೊಳಗೆ ಸರಿಯಿತು.

"ನನಗೆ ಬೇಡಮ್ಮ, ನಾನು ತಗೋಬಾರದು. ಹಾಡು ಕೇಳಿಸ್ತು ಅಂತ ಬಂದುಬಿಟ್ಟೆ. ತಪ್ಪಾಯ್ತು."

ಕಾಯಿಲೆ ಆಕೆಯಿಂದ ವಾರದ ಹೆಸರನ್ನು ತೆಗೆದುಕೊಂಡಿತ್ತು, ಅಡುಗೆಮನೆಯ ದಾರಿಯನ್ನು ತೆಗೆದುಕೊಂಡಿತ್ತು, ಗಂಡನನ್ನೇ ತೆಗೆದುಕೊಂಡಿತ್ತು. ಈ ಒಂದು ಕಟ್ಟಳೆಯನ್ನು ಮಾತ್ರ ಅದಕ್ಕೆ ಮುಟ್ಟಲಾಗಲಿಲ್ಲ. ಪ್ರೀತಿಗಿಂತ ಆಳದಲ್ಲಿ ಇದನ್ನು ನೆಟ್ಟವರು ಯಾರು, ತಾಯಂದಿರೇ? ನಾವೇ ಅಲ್ಲವೇ?

"ನೋಡು, ಅವಳಿಗೇ ಗೊತ್ತಾಗುತ್ತೆ," ಎಂದರು ಪದ್ದಕ್ಕ. "ಒಳಗೆ ಕರ್ಕೊಂಡು ಹೋಗಮ್ಮ."

"ಎಲ್ಲಿಗೂ ಕರ್ಕೊಂಡು ಹೋಗಬೇಡ." ಹಿರಿಯಣ್ಣನವರು ಬಾಗಿಲಲ್ಲಿ ನಿಂತಿದ್ದರು. ವಾಚನದಲ್ಲಿ ಎಂದೂ ಒಡೆಯದ ದನಿ ಒಡೆದಿತ್ತು. "ಅಕ್ಕ, ಗಂಡ ಸತ್ತ ಮೇಲೆ ಹೆಂಡತೀನ ಎಲ್ಲಿ ಕೂರಿಸ್ತಾರೆ ಅಂತ ಯಾವ ಗಂಡಸೂ ಕಣ್ಣಾರೆ ನೋಡಲ್ಲ. ನಾನು ನೋಡಿದೆ. ಕಾಯಿಲೆ ಇವಳಿಂದ ನನ್ನನ್ನ ಕಿತ್ಕೊಂಡಿತು. ಅದು ಯಾರ ತಪ್ಪೂ ಅಲ್ಲ. ಹೂವು, ಕುಂಕುಮ ಕಿತ್ಕೊಂಡಿದ್ದು ನಾವು. ಅವಳು ವಿಧವೆ ಅಂದ್ಕೊಂಡಿದ್ರೆ ವಿಧವೆಯಾಗೇ ತಗೊಳ್ಳಲಿ. ಇಲ್ಲಾಂದ್ರೆ ಈ ಮನೇಲಿ ಯಾರಿಗೂ ಕೊಡೋದು ಬೇಡ."

ಹಾಡು ನಿಂತುಹೋಯಿತು. ಮುತ್ತೈದೆಯರಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಕುಳಿತೇ ಇದ್ದರು.

ಜಾನಕಿ ನನ್ನ ಕಿವಿಯಲ್ಲಿ ಕೇಳಿದರು: "ಗಂಡ ಸತ್ತವರು ಇಟ್ಕೊಂಡ್ರೆ ಬೈಯಲ್ವಾ?"

ನಾನು ಗಾನವಿಯ ಕಡೆ ಹಣೆ ಒಡ್ಡಿದೆ. ಅವಳ ಬೆರಳು ತಣ್ಣಗೆ ನನ್ನ ಹುಬ್ಬುಗಳ ನಡುವೆ ತಾಗಿತು.

"ಇಲ್ಲ ಜಾನಕಿ. ನೋಡಿ, ಯಾರಾದ್ರೂ ಬೈದ್ರಾ?"

ಅವರು ಸುತ್ತಲೂ ನೋಡಿದರು. ನಿಧಾನವಾಗಿ ಮುಖ ಎತ್ತಿದರು. ಅವರ ಹಣೆಗೆ ಕುಂಕುಮವಿಟ್ಟ ಗಾನವಿ ಒಂದು ಮೊಳ ಮಲ್ಲಿಗೆಯನ್ನೂ ಮಡಿಲಿಗೆ ಹಾಕಿದಳು. ಜಾನಕಿ ಅದನ್ನು ಮೂಸಿ ನೋಡಿ, ನಡುಗುವ ಕೈಯಲ್ಲೇ ಎರಡು ತುಂಡು ಮಾಡಿ, ಬಾಗಿಲಲ್ಲಿ ನಿಂತಿದ್ದ ಗಂಡನನ್ನು ಕರೆದರು.

"ಸ್ವಾಮಿ, ನೀವು ಯಾರೋ ಒಳ್ಳೆಯವರು. ಇದನ್ನ ನಿಮ್ಮ ಮನೆಯವರಿಗೆ ಕೊಡಿ."

ಹಿರಿಯಣ್ಣನವರು ಎರಡೂ ಕೈ ಒಡ್ಡಿ ತೆಗೆದುಕೊಂಡರು. "ಕೊಡ್ತೀನಮ್ಮ."

"ಬಾಡೋದ್ರೊಳಗೆ ಕೊಡಿ," ಎಂದರು ಜಾನಕಿ.