ಟ್ರಯಲ್ ಮ್ಯಾಲ ಅದಾನ

"ನಿನ್ನ ಮಗನ್ನ ಎರಡ್ ವರ್ಷ ಟ್ರಯಲ್ ಮ್ಯಾಲ ಇಡೋ ಕಂಪನಿ ಎಂಥಾದ್ದವಾ ಅದು?" ಶಂಕ್ರೆಪ್ಪ ಬಾಗಿಲ ಒಳಗಿನಿಂದಲೇ ಕೂಗಿದ.

ಬೆಲ್ಟಿನ ಬಕಲ್ ಹಲಗೆಯ ಗೋಡೆಗೆ ಬಡಿದ ಸದ್ದಾಯಿತು. ಹೊರಗೆ ನಿಂತಿದ್ದ ಶೈಲಾ ಕೈಯಲ್ಲಿದ್ದ, ಬಟ್ಟೆಯ ಲೆಕ್ಕದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಎಣಿಸಿದಳು. ಗೋರೆಗಾಂವಿನ ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ, ಟ್ರಯಲ್ ರೂಮುಗಳ ಮುಂದೆ ನಿಲ್ಲುವುದು ಅವಳ ಕೆಲಸ. ಎಷ್ಟು ಬಟ್ಟೆ ಒಳಗೆ ಹೋಯಿತೋ ಅಷ್ಟು ಹೊರಗೆ ಬರಬೇಕು. ಜನ ಹೊಲಸು ಕಾಲಲ್ಲೇ ಪ್ಯಾಂಟು ಏರಿಸುತ್ತಾರೆ, ಬೆವರಿನ ಮೈಗೆ ಅಂಗಿ ಹಾಕುತ್ತಾರೆ, ಕನ್ನಡಿಯ ಮುಂದೆ ಫೋಟೋ ಹೊಡೆದುಕೊಂಡು ಎಲ್ಲವನ್ನೂ ನೆಲದ ಮೇಲೆ ಬಿಟ್ಟು ಹೋಗುತ್ತಾರೆ. ಕೇಳಿದರೆ, ಟ್ರಯಲ್ ತಾನೇ ಅನ್ನುತ್ತಾರೆ.

ಶಂಕ್ರೆಪ್ಪ ಅವಳ ಗಂಡನ ಅಣ್ಣ. ವಿಕ್ರೋಳಿಯ ಫ್ಯಾಕ್ಟರಿಯೊಂದರಲ್ಲಿ ಫೋರ್‌ಮನ್. ಗಂಡ ತೀರಿಕೊಂಡ ಮೇಲೆ ಶೈಲಾಗೆ ಈ ಊರಿನಲ್ಲಿ ತನ್ನವರು ಅಂತ ಉಳಿದದ್ದು ಅವನ ಮನೆಯೊಂದೇ. ರವಿವಾರ ಅವನ ಮಗಳು ನಿಶಾಳ ನಿಶ್ಚಿತಾರ್ಥ. ಶೈಲಾಳಿಂದ ರಿಯಾಯಿತಿ ಸಿಗುತ್ತದೆ ಎಂದು ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೇ ಬಂದಿದ್ದ. ಹೆಂಡತಿ ಗಂಗುಬಾಯಿ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು.

"ನಮ್ಮ ಫ್ಯಾಕ್ಟ್ರ್ಯಾಗ ಆರ ತಿಂಗಳ ಟ್ರಯಲ್. ಅಷ್ಟರಾಗ ಕತ್ತೆಗಳೂ ಪರ್ಮನೆಂಟ್ ಆಗ್ತಾವ," ಒಳಗಿನ ದನಿ ಮುಂದುವರಿಯಿತು.

"ನೀವು ಆದ್ರಲ್ಲ, ಅದಕ್ಕ ಗೊತ್ತ ನಿಮಗ," ಅಂದಳು ಗಂಗುಬಾಯಿ.

ಟ್ರಯಲ್ ಅನ್ನುವ ಆ ಮಾತು ಶೈಲಾಳೇ ಹುಟ್ಟಿಸಿದ್ದು. ಮಗ ಅಮೋಲನನ್ನು ಪೊಲೀಸರು ಒಯ್ದ ಮರುವಾರ ಗಂಗುಬಾಯಿ ಫೋನ್ ಮಾಡಿ, ಹುಡುಗ ಎಲ್ಲಿ, ಕಾಣಾಂಗೇ ಇಲ್ಲ ಅಂದಿದ್ದಳು. ಶೈಲಾ ಆಗ ಜೈಲಿನ ಗೇಟಿನ ಹೊರಗೆ ಭೇಟಿಯ ಸಾಲಿನಲ್ಲಿ ನಿಂತಿದ್ದಳು. ಒಬ್ಬೊಬ್ಬರು ಹತ್ತಿರ ಬಂದಂತೆ, ಒಳಗಿರುವವನು ಶಿಕ್ಷೆಯಾದವನೋ, ವಿಚಾರಣೆ ಬಾಕಿಯಿರುವ ಅಂಡರ್ ಟ್ರಯಲ್ಲೋ ಎಂದು ಕಿಟಕಿಯ ಪೇದೆ ಕೇಳುತ್ತಿದ್ದ. ಬೇರೆ ಮಾತು ಬಾಯಿಗೆ ಬರಲಿಲ್ಲ. ಅಂಡರ್ ಅನ್ನುವುದನ್ನು ನುಂಗಿ, "ಪುಣೇದಾಗ ಒಂದ್ ಕಂಪನ್ಯಾಗ ಟ್ರಯಲ್ ಮ್ಯಾಲ ಅದಾನ್ರಿ ಅಕ್ಕಾರ" ಅಂದಿದ್ದಳು. ಆಮೇಲೆ ಎಲ್ಲರಿಗೂ ಅದನ್ನೇ ಹೇಳಿದಳು. ಅಂಗಡಿಯಲ್ಲೂ ಅದನ್ನೇ. ಮಗ ಕಳ್ಳತನದ ಕೇಸಿನಲ್ಲಿ ಇದ್ದಾನೆಂದರೆ ಬಟ್ಟೆ ಕಾಯುವ ಕೆಲಸ ಯಾರು ಕೊಡುತ್ತಾರೆ?

ಅಮೋಲ ಪಾರ್ಸೆಲ್ ಕೊಡಲು ಹೋದ ಫ್ಲ್ಯಾಟಿನಲ್ಲಿ ಅವತ್ತೇ ಬಂಗಾರ ಹೋಗಿತ್ತು. ಬಂಗಾರ ಅವನ ಹತ್ತಿರ ಸಿಗಲಿಲ್ಲ. ಅವನು ಸಿಕ್ಕಿದ. ಎರಡು ಸಲ ಜಾಮೀನು ಕೇಳಿದ್ದಾಯಿತು, ಎರಡು ಸಲವೂ ಆಗುವುದಿಲ್ಲ ಅಂದರು.

ಇವತ್ತು ಬೆಳಿಗ್ಗೆ ಕೋರ್ಟಿನಲ್ಲಿ ತಾರೀಖು ಇತ್ತು. ಸರ್ಕಾರ ಕೊಟ್ಟ ವಕೀಲರು ಅವಳನ್ನು ಕಾರಿಡಾರಿನ ಮೂಲೆಗೆ ಕರೆದರು. ಹುಡುಗ ಗುನ್ಹೆ ಕಬೂಲ್ ಮಾಡಿದರೆ, ಅಂದರೆ ತಪ್ಪು ಒಪ್ಪಿಕೊಂಡರೆ, ಒಳಗೆ ಕಳೆದದ್ದನ್ನೇ ಶಿಕ್ಷೆ ಅಂತ ಹಿಡಿದು ಬಿಟ್ಟುಬಿಡಬಹುದು. ಇಲ್ಲ, ಟ್ರಯಲ್ ಬೇಕು ಅಂದರೆ ಇನ್ನೂ ಎಷ್ಟು ವರ್ಷವೋ.

"ಎರಡು ವರ್ಷದಿಂದ ನಡೀತಾ ಇರೋದು ಮತ್ತೇನು?" ತನ್ನ ಹರಕು ಹಿಂದಿಯಲ್ಲಿ ಶೈಲಾ ಕೇಳಿದ್ದಳು.

"ಅದು ಟ್ರಯಲ್ ಅಲ್ಲ ಬಾಯಿ. ಟ್ರಯಲ್ ಇನ್ನೂ ಶುರುವೇ ಆಗಿಲ್ಲ."

ವಕೀಲರಿಗೆ ಹೊಡೆಯಬೇಕು ಅನ್ನಿಸಿತ್ತು. ಹೊಡೆಯಲಿಲ್ಲ. ಪೊಲೀಸನ ಪಕ್ಕದಲ್ಲಿ ನಿಂತಿದ್ದ ಅಮೋಲನ ಹತ್ತಿರ ಹೋದಳು. ಅವನ ಅಂಗಿ ಭುಜದಿಂದ ಜಾರುತ್ತಿತ್ತು. "ಅವ್ವಾ, ನಾ ಕದ್ದಿಲ್ಲ," ಅಂದ. "ಆದ್ರ ಸಾಕಾಗೇದ. ನೀ ಹ್ಞೂಂ ಅಂದ್ರ ನಾನೂ ಹ್ಞೂಂ ಅಂತೀನಿ."

"ಹ್ಞೂಂ ಅನ್ನು. ಮನೀಗಿ ಬಾ," ಅಂದಿದ್ದಳು. ಸಂಜೆಯೊಳಗೆ ಫೋನ್ ಮಾಡಿ ಗಟ್ಟಿಮಾಡಿ, ನಾಳೆಯೇ ಅರ್ಜಿ ಹಾಕೋಣ ಎಂದು ವಕೀಲರು ಹೇಳಿ ಹೋಗಿದ್ದರು.

ಶಂಕ್ರೆಪ್ಪ ಬಾಗಿಲು ತೆಗೆದು ಹೊರಗೆ ಬಂದ. ನೀಲಿ ಅಂಗಿ, ಹೊಟ್ಟೆಯ ಮೇಲೆ ಗುಂಡಿಗಳು ಎಳೆದುಕೊಂಡು ನಿಂತಿದ್ದವು. ಕನ್ನಡಿಯಲ್ಲಿ ತನ್ನ ಎರಡೂ ಮಗ್ಗಲು ನೋಡಿಕೊಂಡ.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ ಶೈಲಾ. ದೋಷ ಕಂಪನೀದಲ್ಲ, ನಿನ್ನ ಮಗಂದು. ಇಷ್ಟ್ ದಿನ ಇಟ್ಟುಕೊಂಡು ಪರ್ಮನೆಂಟ್ ಮಾಡಲಿಲ್ಲಂದ್ರ ಅವನ ಕೈಯಾಗ ಏನೋ ಐಬು ಐತಿ."

"ಜೈಲಿನ್ಯಾಗ ಅದಾನ," ಅಂದಳು ಶೈಲಾ.

ಕನ್ನಡಿಯೊಳಗಿನ ಶಂಕ್ರೆಪ್ಪ ಅವಳನ್ನು ನೋಡಿದ.

"ಪುಣೇದಾಗಲ್ಲ, ಇಲ್ಲೇ. ಕಂಪನಿ ಇಲ್ಲ, ಗಿಂಪನಿ ಇಲ್ಲ. ಕಳವಿನ ಕೇಸ್ ಹಾಕ್ಯಾರ. ಅಂಡರ್ ಟ್ರಯಲ್ ಅಂತಾರ ಅದಕ್ಕ. ಎರಡ್ ವರ್ಷ ಆತು, ಇನ್ನೂ ಟ್ರಯಲ್ಲೇ ಶುರು ಆಗಿಲ್ಲಂತ. ಸಾಕೇನ್ರಿ ಭಾವಾರ?"

"ಮೆಲ್ಲಕ ಮಾತಾಡ!" ಶಂಕ್ರೆಪ್ಪ ಸುತ್ತ ನೋಡಿದ. ಸಾಕ್ಸಿನ ಸ್ಟ್ಯಾಂಡಿನ ಹತ್ತಿರ ಸೂಪರ್‌ವೈಸರ್ ಚೇತನ ಇದ್ದ. ಮುಲ್ಕಿ ಕಡೆಯ ಹುಡುಗ, ಕನ್ನಡ ಬರುತ್ತಿತ್ತು. ಅವನ ಕೈ ಸಾಕ್ಸಿನ ಮೇಲೆಯೇ ನಿಂತುಬಿಟ್ಟಿತ್ತು.

"ಉಣ್ಣಾಕ ಏನ್ ಕೊಡ್ತಾರವಾ ಅಲ್ಲೆ?" ಗಂಗುಬಾಯಿ ಕೇಳಿದಳು.

"ರವಿವಾರ ಬೀಗರು ಕೇಳಿದ್ರ ಏನ್ ಹೇಳ್ಲಿ ನಾನು?" ಶಂಕ್ರೆಪ್ಪನ ಕುತ್ತಿಗೆಯಲ್ಲಿ ಅಂಗಿಯ ಬೆಲೆಚೀಟಿ ತೂಗುತ್ತಿತ್ತು.

"ಟ್ರಯಲ್ ಮ್ಯಾಲ ಅದಾನಂತ ಹೇಳ್ರಿ. ಸುಳ್ಳೇನಲ್ಲ."

ಅವನು ಬೆಲೆಚೀಟಿಯನ್ನು ಕಾಲರಿನೊಳಗೆ ತುರುಕಿದ. ಆಮೇಲೆ ಫೋರ್‌ಮನ್‌ನ ದನಿ ತೆಗೆದ. "ವಕೀಲ ಏನಂತಾನ?"

"ಒಪ್ಕೊಂಡ್ರ ಬಿಡ್ತಾರಂತ."

"ಮತ್ತೇನ್ ನೋಡ್ತಿ? ಒಪ್ಕೊಂಡು ಹೊರಗ ಬರಲಿ, ಪೀಡಾ ಹೋತು. ಎಲ್ಲ್ಯಾರ ದೂರ ಕಳಸು. ನಿಶಾನ ಲಗ್ನ ಮುಗಿಯೋತನಕ ಈ ಕಡೆ ಬರೋದು ಬ್ಯಾಡ."

"ಅಂವ ಕದ್ದಿಲ್ಲ."

"ಒಪ್ಕೋತಾನಂದ್ರ ಕದ್ದಂಗನ ಅಲ್ಲೇನು? ಕದೀಲಾರದವ ಯಾಕ ಒಪ್ಕೋತಾನವಾ?"

ಶೈಲಾ ಕೈಯಲ್ಲಿದ್ದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ಹಾಕಿದಳು. ಫೋನ್ ತೆಗೆದಳು. ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟಬಾರದೆಂಬ ನಿಯಮ ಅವಳ ತಲೆಯ ಮೇಲೆಯೇ ಗೋಡೆಗೆ ಅಂಟಿಸಿದ್ದರು.

"ವಕೀಲ್ ಸಾಬ್, ಅಮೋಲ್ ಕೀ ಮಾ. ಕಬೂಲ್ ನಹೀಂ ಕರೇಗಾ." ಆ ಕಡೆಯಿಂದ ಉದ್ದ ಮಾತು ಬಂತು. ಅವಳು ಕೇಳಿದಳು. "ಮಾಲೂಮ್ ಹೈ ಟೈಮ್ ಲಗೇಗಾ. ಉಸ್ಕೋ ಮೈ ಸಮಝಾಯೇಗಿ. ಟ್ರಯಲ್ ಚಾಹಿಯೇ. ಬಸ್." ಮಗ ಒಪ್ಪಿಕೊಳ್ಳುವುದಿಲ್ಲ, ಎಷ್ಟು ದಿನವಾದರೂ ಟ್ರಯಲ್ಲೇ ಬೇಕು, ಅವನಿಗೆ ತಾನೇ ತಿಳಿಹೇಳುತ್ತೇನೆ ಎಂದು ಹೇಳಿ ಫೋನ್ ಇಟ್ಟಳು.

"ತಲಿ ಕೆಟ್ಟೈತಿ ನಿಂದು," ಅಂದ ಶಂಕ್ರೆಪ್ಪ. "ಮಗನ್ನ ಒಳಗೇ ಕೊಳೀಸ್ತಿ?"

"ಅಂಗಿ ಬಿಚ್ಚಿ ಕೊಡ್ರಿ ಭಾವಾರ. ಬೆವರ ಹತ್ತತೈತಿ. ತಗೊಳ್ಳೋದಿಲ್ಲಂದ್ರ ಅಲ್ಲೇ ಬಿಡ್ರಿ, ಎಲ್ಲಾರೂ ಹಂಗ ಮಾಡ್ತಾರ."

ಅವನು ಒಳಗೆ ಹೋಗಿ ಬಾಗಿಲು ಬಡಿದುಕೊಂಡ. ಹೊರಗೆ ಬಂದವನು ಅವಳ ಕಡೆ ನೋಡದೆ ಎಸ್ಕಲೇಟರಿನತ್ತ ನಡೆದ. ಗಂಗುಬಾಯಿ ಎದ್ದಳು, ಶೈಲಾಳ ಮೊಣಕೈ ಒಮ್ಮೆ ಹಿಡಿದು ಬಿಟ್ಟಳು, ಚೀಲಗಳನ್ನು ಎತ್ತಿಕೊಂಡು ಗಂಡನ ಹಿಂದೆ ಹೋದಳು.

ಚೇತನ ಹತ್ತಿರ ಬಂದ. "ಆಂಟಿ, ಸಂಜೆ ಶಿಫ್ಟ್ ಮುಗಿದ ಮೇಲೆ ಮ್ಯಾನೇಜರ್ ಕ್ಯಾಬಿನಿಗೆ ಬನ್ನಿ. ನಿಮ್ಮ ಮಗನ ಕೇಸಿನ ವಿಷಯ ನಾನು ಹೇಳದಿದ್ದರೆ ನಾಳೆ ನನ್ನನ್ನೇ ಕೇಳ್ತಾರೆ." ಅವಳ ಮುಖ ನೋಡಲಾರದೆ ಸಾಕ್ಸುಗಳ ಕಡೆ ತಿರುಗಿ ಹೇಳಿದ.

"ಹೇಳಪಾ," ಅಂದಳು. "ಬರ್ತೀನಿ."

ರೂಮಿನ ನೆಲದ ಮೇಲೆ ನೀಲಿ ಅಂಗಿ ಬಿದ್ದಿತ್ತು, ಎರಡೂ ತೋಳು ಒಳಮಗ್ಗುಲಾಗಿ. ಶೈಲಾ ಒಂದು ತೋಳಿನೊಳಗೆ ಕೈ ಹಾಕಿ ತುದಿ ಹಿಡಿದು ಹೊರಗೆ ಎಳೆದಳು. ಇನ್ನೊಂದನ್ನೂ ಎಳೆದಳು. ಹ್ಯಾಂಗರಿಗೆ ಹಾಕಿ ಕೆಳಗಿನಿಂದ ಮೇಲಿನ ತನಕ ಗುಂಡಿ ಹಾಕಿದಳು. ಭುಜದ ಹತ್ತಿರ ಎರಡೂ ಕಡೆ ಬೆರಳಿಟ್ಟು, ಅಮೋಲನಿಗೆ ಆದೀತೇ ಎಂದು ಅಗಲ ನೋಡಿದಳು.

ತೋಳ ತುಂಬ ಬಟ್ಟೆ ಹೊತ್ತ ಹುಡುಗಿಯೊಬ್ಬಳು ಬಂದಳು. "ಆಂಟಿ, ಟ್ರಯಲ್ ಖಾಲೀ ಹೈ ಕ್ಯಾ?"

"ಖಾಲೀ ನಹೀಂ ಹೈ," ಅಂದಳು ಶೈಲಾ, ನೀಲಿ ಅಂಗಿಯನ್ನು ಕೈಯಲ್ಲೇ ಹಿಡಿದು.

ಅವಳ ಬೆನ್ನ ಹಿಂದೆ ಟ್ರಯಲ್ ರೂಮುಗಳ ಸಾಲಿನ ಎಲ್ಲ ಬಾಗಿಲುಗಳೂ ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ.