ಎಂಜಲು ಹಚ್ಚಿದ ಗಂಟು

ತೂತಿನಲ್ಲಿ ಒಂದು ಚೂರು ಬಿಸಿಲು ಸಿಕ್ಕಿಕೊಂಡಿದೆ, ಗಾಳದ ಮುಳ್ಳಿನ ತಲೆಯಲ್ಲಿರುವ ಸಾಸಿವೆಯಷ್ಟು ತೂತಿನಲ್ಲಿ, ಶಿವಾನಿ ಉಸಿರು ಬಿಗಿಹಿಡಿದು ತಂಗೂಸಿಯ ತುದಿಯನ್ನು ಅದರ ಹತ್ತಿರ ಒಯ್ಯುತ್ತಾಳೆ, ಬಿಸಿಲು ಅಲ್ಲಾಡುತ್ತದೆ, ತಂಗೂಸಿಯ ಆ ನೈಲಾನ್ ಎಳೆ ಪಕ್ಕಕ್ಕೆ ಜಾರುತ್ತದೆ — ತಲೆಗೂದಲಿಗಿಂತ ತುಸುವೇ ದಪ್ಪ, ನೀರಿಗೆ ಬಿದ್ದರೆ ಇದೆಯೋ ಇಲ್ಲವೋ ಅನ್ನಿಸಬೇಕು, ಮೀನಿನ ಕಣ್ಣಿಗೆ ಬೀಳಬಾರದು, ಈಗ ಅವಳ ಕಣ್ಣಿಗೇ ಬೀಳುತ್ತಿಲ್ಲ, ಇನ್ನು ಮಾವನ ಕಣ್ಣಿಗೆ ಹೇಗೆ ಬಿದ್ದೀತು, ಎರಡರಲ್ಲೂ ಪೊರೆ, ಆಪರೇಷನ್ ಮಾಡಿಸೋಣ ಬನ್ನಿ ಅಂದರೆ ಯಾರನ್ನ ನೋಡಾಕೆ ಅಂತ ಕೇಳಿ ಗೋಡೆ ಕಡೆ ತಿರುಗಿಕೊಂಡ ಮನುಷ್ಯ. ಜವರಯ್ಯ ಪಕ್ಕದ ಬಂಡೆಯ ಮೇಲೆ ಬಿದಿರ ಕಡ್ಡಿಯನ್ನು ಹೆಗಲಿಗೆ ಒರಗಿಸಿಕೊಂಡು ಕೂತಿದ್ದಾರೆ, ಮುಖ ಹೊಳೆಯ ಕಡೆ, ಕಿವಿ ಸೊಸೆಯ ಕಡೆ. ತೂರ್ತಾ ಅವ್ವ. ಇನ್ನೂ ಇಲ್ಲ ಮಾವ. ಅವಸ್ರ ಇಲ್ಲ ಬುಡು, ಮೀನೇನ್ ಹ್ಯಾಂಡ್‌ಪೋಸ್ಟ್ ಸರ್ಕಲ್ಲಲ್ಲಿ ಬಸ್ ಹಿಡೀಬೇಕಾ. ತಮಾಷೆ ಮಾಡಿದರು — ಶಿವಾನಿಯ ಕೈ ಅಲ್ಲೇ ನಿಲ್ಲುತ್ತದೆ, ತಿರುಗಿ ನೋಡಬಾರದು, ನೋಡಿದರೆ ಹೆದರಿದ ಹಕ್ಕಿಯಂತೆ ಹಾರಿಹೋದೀತು ಈ ಮಾತು — ಯುಗಾದಿ ಮುಗಿದು ಅತ್ತೆ ತೀರಿಕೊಂಡ ಮೇಲೆ ಈ ಬಾಯಲ್ಲಿ ತಮಾಷೆಯೇ ಬಂದಿರಲಿಲ್ಲ, ಊಟಕ್ಕೆ ಎದ್ದರೆ ಎದ್ದರು, ಇಲ್ಲದಿದ್ದರೆ ಇಲ್ಲ, ಎರಡು ತುತ್ತು ಉಂಡು ತಟ್ಟೆಯಲ್ಲೇ ಕೈ ತೊಳೆದು ಸಾಕು ಕಣವ್ವ ಅನ್ನುವುದು. ಒಂದು ಮುಂಜಾನೆ ಸಫಾರಿ ಜೀಪಿನ ಕೆಲಸಕ್ಕೆ ಹೊರಡುವ ಮುಂಚೆ ಗಂಡ ಯತೀಶ ಬಾಗಿಲಲ್ಲಿ ನಿಂತು ಹೇಳಿದ್ದ, ಅಪ್ಪನ್ನ ನೀನೇ ಮಾತಾಡ್ಸು ಶಿವೂ, ನಾನು ಹೋಗಿ ನಿಂತ್ರೆ ಇಬ್ರೂ ಅವ್ವನ ಬಗ್ಗೆ ಮಾತಾಡಬಾರ್ದು ಅಂತ್ಲೇ ಸುಮ್ನಾಗ್ತೀವಿ.

ಅತ್ತೆಯ ಹೆಸರು ದೊಡ್ಡಮ್ಮ, ಆಳು ಮಾತ್ರ ಇಷ್ಟೇ ಇಷ್ಟು, ಮದುವೆಯಾಗಿ ಬೀಚನಹಳ್ಳಿಯ ಈ ಮನೆಗೆ ಕಾಲಿಟ್ಟ ದಿನ ಶಿವಾನಿಯ ಗಲ್ಲ ಹಿಡಿದು ಮೇಲೆತ್ತಿ ನೋಡಿದ್ದಳು, ನೀನು ಮೀನು ತಿನ್ನೋರ ಮನೆಯವಳಲ್ಲ, ಗೊತ್ತು ಕಣವ್ವ, ನಿಂಗೆ ಬೇರೆ ಒಲೆ, ಬೇರೆ ಪಾತ್ರೆ, ಆದ್ರೆ ನಾವು ಉಣ್ಣುವಾಗ ಮೂಗು ಮುಚ್ಕೋಬ್ಯಾಡ, ಅಷ್ಟ್ ಮಾಡು ಸಾಕು. ಮೊದಮೊದಲು ಎಷ್ಟು ಕಷ್ಟವಾಗಿತ್ತು ಅದು, ಮೀನು ತೊಳೆದ ನೀರು ಹಿತ್ತಲಿಗೆ ಹರಿದರೆ ಎದ್ದು ಜಗಲಿಗೆ ಹೋಗಿ ಕೂರುತ್ತಿದ್ದಳು, ಹಾರನಹಳ್ಳಿಯ ತವರಿನಲ್ಲಿ ಮೊಟ್ಟೆಯ ಸಿಪ್ಪೆ ಅಂಗಳಕ್ಕೆ ಬಿದ್ದರೂ ಅಜ್ಜಿ ಸಗಣಿ ನೀರು ಚಿಮುಕಿಸುತ್ತಿದ್ದಳು — ಆದರೂ ಅವಳು ಮೂಗು ಮುಚ್ಚಿಕೊಳ್ಳಲಿಲ್ಲ, ಒಂದು ದಿನವೂ, ಆಮೇಲೆ ಯಾವಾಗಲೋ ಆ ವಾಸನೆ ಮನೆಯ ವಾಸನೆಯೇ ಆಗಿಹೋಯಿತು, ಮಾವ ಹೊಳೆಯಿಂದ ಬಂದರು, ಅತ್ತೆ ನಗುತ್ತಿದ್ದಾಳೆ ಎನ್ನುವುದರ ವಾಸನೆ. ಮಾವ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದವರು, ಜಗತ್ತಿಗೆಲ್ಲ ನೀರು ಬಿಟ್ಟವರು, ಗಾಳ ಕಟ್ಟಲು ಮಾತ್ರ ಬರುತ್ತಿರಲಿಲ್ಲ, ಎಸೆಯುವುದು ಅವರು, ಕಟ್ಟುವುದು ಅತ್ತೆ, ಸಂಸಾರ ಶುರುವಾದಾಗಿನಿಂದ ಹಾಗೇ. ಕಟ್ಟುವ ಬೆರಳು ಹೋದ ಮೇಲೆ ಎಸೆಯುವ ಕೈ ಏನು ಮಾಡಬೇಕು. ಗಾಳದ ಸಾಮಾನಿನ ಬಿಸ್ಕೆಟ್ ಡಬ್ಬ ಅಟ್ಟದ ಮೇಲೆ ಧೂಳು ಹಿಡಿದು ಕೂತಿತ್ತು, ಹೋದ ಸೋಮವಾರ ಅವಳೇ ಅದನ್ನು ಇಳಿಸಿದಳು, ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ — ಜಗಲಿಯಲ್ಲಿ ಮಾವನ ಮುಂದೆ ಇಟ್ಟು ಮುಚ್ಚಳ ತೆಗೆದಳು, ಮಾವ ನಂಗೆ ಕಟ್ಟೋಕೆ ಹೇಳ್ಕೊಡಿ. ಅವರು ಡಬ್ಬದ ಅಂಚನ್ನು ಬೆರಳಲ್ಲಿ ಸವರಿದರು. ಆಮೇಲೆ, ನಿಂಗ್ಯಾಕವ್ವ ಈ ಪಾಪದ ಕೆಲ್ಸ. ನಾನೇನ್ ಹಿಡೀತೀನಾ ಮಾವ, ಕಟ್ಟಿಕೊಡ್ತೀನಿ ಅಷ್ಟೆ — ಹಾಗಂದಳು, ಅಂದ ಮೇಲೆ ಎದೆಯೊಳಗೆ ಕೇಳಿತು, ಎರಡಕ್ಕೂ ಏನು ವ್ಯತ್ಯಾಸ, ಅದು ತಿಳಿಯುವವರೆಗೂ ಮಾವ ಗೋಡೆ ನೋಡುತ್ತ ಕೂತಿರಲಿ ಎನ್ನಲು ಮನಸ್ಸು ಒಪ್ಪಲಿಲ್ಲ.

ಹೇಳಿಕೊಡಲು ಅವರಿಗೇ ಗೊತ್ತಿರಲಿಲ್ಲ, ಅದೇ ಕಷ್ಟ, ಗೊತ್ತಿದ್ದದ್ದು ಅತ್ತೆಯ ಬೆರಳು ಮಾತ್ರ, ಪಕ್ಕದಲ್ಲಿ ಕೂತು ನೋಡಿದ್ದು. ಕಣ್ಣು ಮುಚ್ಚಿಕೊಂಡು ಹೇಳುವರು, ಮೊದ್ಲು ದಪ್ಪ ತಂಗೂಸಿ, ಕಡ್ಡಿ ತುದಿಗೆ, ಆಮೇಲೆ ತೇಲಾಕೆ ಬೆಂಡು — ಡಬ್ಬದಲ್ಲಿ ಬೆಂಡು ಇತ್ತು, ಅತ್ತೆಯ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕುಯ್ದು ಮಾಡಿದ ನೀಲಿ ಬೆಂಡು, ಅದು ಕೈಗೆ ಬಂದಾಗ ಶಿವಾನಿ ಸೆರಗಿನಲ್ಲಿ ಒರೆಸಿ ಮಾವನ ಅಂಗೈಗಿಟ್ಟಳು — ಆಮೇಲೆ ಸೀಸ, ಪಂಕ್ಚರ್ ಅಂಗಡಿಯಲ್ಲಿ ಚಕ್ರದ ತೂಕ ಸರಿಮಾಡಲು ಹೊಡೆಯುತ್ತಾರಲ್ಲ ಆ ಸೀಸ, ಯತೀಶ ತಂದು ಸುತ್ತಿಗೆಯಲ್ಲಿ ತಟ್ಟಿ ಚೂರು ಮಾಡಿದ್ದ. ಸೀಸ ಜಾಸ್ತಿ ಆಗ್ಬಾರ್ದು, ಜಾಸ್ತಿ ಆದ್ರೆ ಕಲ್ಲಿಗೆ ಕೂತ್ಕಂಬುಡ್ತದೆ, ಕಮ್ಮಿ ಆದ್ರೆ ಹುಳ ನೀರ್ ಮೇಲೇ ಓಡೋಯ್ತದೆ, ತಳ ಮುಟ್ಟಬೇಕು, ಎದ್ದೇಳ್ಬೇಕು, ಮುಟ್ಟಬೇಕು, ಸಂತೆ ಮುಗ್ಸಿ ಬರೋ ಮುದುಕಿ ನಡೆದಂಗೆ ನಡೀಬೇಕು. ಸೀಸದಿಂದ ಕೆಳಕ್ಕೆ ಒಂದು ಮೊಳ ಸಣ್ಣ ತಂಗೂಸಿ, ಅದರ ತುದಿಗೆ ಮುಳ್ಳು. ಎಲ್ಲ ದಪ್ಪದ್ದೇ ಯಾಕಾಗಬಾರದು ಮಾವ. ಮೀನಿಗೆ ಕಾಣ್ತದಲ್ಲವ್ವ, ಮತ್ತೆ ಮುಳ್ಳು ಬಂಡೆಗೆ ಸಿಕ್ಕಾಕಂಡ್ರೆ ಸಣ್ಣದು ಒಂದೇ ಕಿತ್ತೋಗ್ಲಿ, ಮಿಕ್ಕಿದ್ದು ನಮ್ತಾವ ಉಳೀಲಿ ಅಂತ. ಹೇಳಿ ನೀಲಿ ಬೆಂಡನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು, ಶಿವಾನಿ ಸೀಸ ಒತ್ತುತ್ತ ಕೂತಿದ್ದಳು. ಎಲ್ಲ ಬಂತು, ಗಂಟು ಬರಲಿಲ್ಲ. ಮುಳ್ಳಿಗೆ ಹಾಕುವ ಆ ಗಂಟು. ತೂತಲ್ಲಿ ಬುಡೋಳು, ಜಡೆ ಹೆಣ್ಯಂಗೆ ಸುತ್ತೋಳು, ಸುತ್ತಿ ಸುತ್ತಿ ಹಿಂದಕ್ಕೆ ತರೋಳು, ಆಮೇಲೆ ಏನೋ ಒಂದ್ ಮಾಡೋಳು — ಆ ಏನೋ ಒಂದು ಅವರಿಗೆ ನೆನಪಾಗದು, ಹಣೆ ಗಟ್ಟಿಸಿಕೊಂಡರೂ ಬಾರದು, ಇಷ್ಟ್ ದಿನ ಏನ್ ನೋಡಿದ್ನೋ ನಾನು ಅಂತ ತಮ್ಮನ್ನೇ ಬೈದುಕೊಂಡರು. ಆ ಏನೋ ಇಲ್ಲದೆ ಕಟ್ಟಿ ಮಂಗಳವಾರ ಹೊಳೆಗೆ ಬಂದರು, ಮೀನು ಕಚ್ಚಿತು, ಕಡ್ಡಿ ಬಾಗಿತು, ಗಂಟು ಬೆಣ್ಣೆಯ ಹಾಗೆ ಜಾರಿ ಬರಿಯ ಎಳೆ ಸುರುಳಿ ಸುರುಳಿಯಾಗಿ ಮೇಲೆ ಬಂತು. ಮಾವ ಅದರ ತುದಿಯನ್ನು ಬೆರಳಲ್ಲಿ ಸವರಿ, ನಡಿಯವ್ವ ಹೋಗಾನ, ಅಂದಿದ್ದರು, ಮನೆಗೆ ಬಂದು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಆ ಸಂಜೆಯೇ ಅಲ್ಲವೇ ಅಮ್ಮನಿಗೆ ಫೋನು ಮಾಡಿದ್ದು, ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ, ಅಪ್ಪ ಈ ಮದುವೆಯಾದ ಮೇಲೆ ಮಗಳ ಹೆಸರೆತ್ತುವುದಿಲ್ಲ, ಅಮ್ಮ ವೀರಮ್ಮ ಸ್ನಾನದ ಮನೆಯ ಹಿಂದೆ ನಿಂತು ಮಾತಾಡುತ್ತಾಳೆ, ದನಿ ಸಣ್ಣಗೆ. ಅಮ್ಮ, ಅಜ್ಜಿ ಶಿವದಾರಕ್ಕೆ ಹಾಕ್ತಿದ್ಲಲ್ಲ, ಕೊರಳಲ್ಲಿ ಲಿಂಗದ ಕರಡಿಗೆ ಎಷ್ಟು ಜಗ್ಗಿದ್ರೂ ಬಿಚ್ಚುತ್ತಿರ್ಲಿಲ್ಲ, ಆ ಗಂಟು ಹೆಂಗೆ. ಯಾಕೆ, ನಿನ್ ದಾರ ಹೋಯ್ತಾ. ಸುಳ್ಳು ನಾಲಗೆಯ ತುದಿಯವರೆಗೂ ಬಂತು, ಹೌದಮ್ಮ ಅಂದುಬಿಟ್ಟರೆ ಮುಗಿಯಿತು — ಇಲ್ಲ ಅಮ್ಮ, ಮಾವನ ಗಾಳಕ್ಕೆ. ಆ ಕಡೆ ಬಚ್ಚಲ ನೀರು ಹರಿಯುವ ಸದ್ದು, ಫೋನು ಇಟ್ಟುಬಿಟ್ಟಳೇ, ಇಲ್ಲ, ಉಸಿರು ಕೇಳುತ್ತಿದೆ. ಗಾಳಕ್ಕಾ ಶಿವೂ. ಹ್ಞೂಂ ಅಮ್ಮ, ಅವ್ರು ಊಟ ಬಿಟ್ಟವ್ರೆ. ನಿಮ್ಮಜ್ಜಿ ಇದ್ದಿದ್ರೆ ಏನಂತಿದ್ಲೋ ಕಾಣೆ, ಅಂದಳು ಅಮ್ಮ, ಊಟ ಬಿಟ್ಟವ್ರು ಮನೇಲಿದ್ರೆ ನಾವು ಉಂಡದ್ದು ಮೈಗೆ ಹತ್ತಲ್ಲ ಅಂತ್ಲೂ ಅವ್ಳೇ ಹೇಳ್ತಿದ್ಲು — ದನಿ ಇನ್ನೂ ಇಳಿಸಿ, ಸುತ್ತಿ ಹಿಂದಕ್ಕೆ ತಂದ ಮೇಲೆ ಒಂದು ದೊಡ್ಡ ಕುಣಿಕೆ ಉಳೀತದಲ್ಲ, ತುದೀನ ಮತ್ತೆ ಅದ್ರೊಳಗೆ ತೂರ್ಸು, ಆಮೇಲೆ ಎಳಿ. ಅಷ್ಟೇನಾ ಅಮ್ಮ. ಅಷ್ಟೆ, ಮುಖ ತೊಳ್ಕೊಂಡು ಮಲಕ್ಕೋ, ಅಪ್ಪ ಬಂದ್ರು.

ತೂರಿತು. ಬಿಸಿಲಿನ ಚೂರಿನ ನಟ್ಟನಡುವೆ ಎಳೆ ದಾಟಿತು, ಶಿವಾನಿ ಎಡಗೈಯ ಬೆರಳುಗಳಲ್ಲಿ ಅದನ್ನು ಹಿಡಿದು ಸುತ್ತುತ್ತಾಳೆ, ಜಡೆಯ ಹಾಗೆ, ಹಿಂದಕ್ಕೆ, ತೂತಿನ ಪಕ್ಕದ ಸಣ್ಣ ಕುಣಿಕೆಯೊಳಗೆ, ಆಮೇಲೆ ಅಮ್ಮ ಹೇಳಿದ ದೊಡ್ಡ ಕುಣಿಕೆಯೊಳಗೆ — ನಿಲ್ಲು, ಎಳೀಬ್ಯಾಡ, ಮಾವನಿಗೆ ಹೇಗೆ ತಿಳಿಯಿತು, ಇವಳ ಉಸಿರು ಕೇಳಿಯೇ ಇರಬೇಕು, ಒಣಗ್ಲಲ್ಲಿ ಎಳುದ್ರೆ ಬಿಸಿಯಾಗಿ ಸುಟ್ಟೋಯ್ತದೆ ತಂಗೂಸಿ, ಅವಳು ಎಂಜ್ಲು ಹಚ್ಚೋಳು. ಅಂದವರು ಅಲ್ಲೇ ತಡೆದರು, ನೀನು ಹೊಳೆ ನೀರೇ ಹಚ್ಚವ್ವ, ಬಾಯಿಗಿಕ್ಕೋಬ್ಯಾಡ, ನೀರಾದ್ರೂ ನಡೀತದೆ. ಹೊಳೆ ಎರಡು ಹೆಜ್ಜೆಯ ದೂರದಲ್ಲಿದೆ, ಎದ್ದರೆ ಸಡಿಲ ಕುಣಿಕೆ ಬಿಚ್ಚಿಕೊಳ್ಳುತ್ತದೆ, ಅದು ಒಂದು ನೆಪ, ಅವಳಿಗೆ ಗೊತ್ತು ಅದು ನೆಪ, ಅತ್ತೆಯ ತುಟಿ ಎಷ್ಟು ಸಲ ಈ ಮುಳ್ಳಿನ ಹತ್ತಿರ ಬಂದಿತ್ತೋ, ತುಕ್ಕಿನ, ಉಪ್ಪಿನ, ಹಳೆಯ ಮೀನಿನ ವಾಸನೆ, ಮನೆಯ ವಾಸನೆ — ಬಾಯಿ ಹತ್ತಿರ ತಂದು ಗಂಟನ್ನು ನಾಲಗೆಯಿಂದ ಒದ್ದೆ ಮಾಡಿದಳು, ಮೆಲ್ಲಗೆ ಎಳೆದಳು, ಸುತ್ತುಗಳು ಒಂದರ ಪಕ್ಕ ಒಂದು ಬಂದು ಕೂತವು, ಮಳೆಗೆ ಒಂದೇ ಸೂರಿನಡಿ ನಿಂತವರ ಹಾಗೆ ಒತ್ತೊತ್ತಾಗಿ. ಮಾವನ ಅಂಗೈಗೆ ಇಟ್ಟಳು. ಹೆಬ್ಬೆಟ್ಟು ಗಂಟಿನ ಮೇಲೆ ಓಡಾಡಿತು, ಹೋಯಿತು, ಬಂತು. ಇದು ಅವಳ ಗಂಟಲ್ಲ ಕಣವ್ವ. ಶಿವಾನಿ ಬಿಚ್ಚಲು ಕೈ ಚಾಚಿದಳು. ಅವಳ್ದು ಇನ್ನೂ ಸಣ್ಣಕ್ಕಿರೋದು, ಅಕ್ಕಿ ಕಾಳಂಗೆ, ಇದು ಬೇರೆ — ಜಗ್ಗಿ ನೋಡಿದರು, ಮತ್ತೆ ಜಗ್ಗಿದರು — ಇದು ನಿನ್ ಗಂಟು, ನಿಲ್ತದೆ. ಆಮೇಲೆ ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡರು, ಭುಜ ಕುಲುಕಿತು, ಸದ್ದು ಹೊಳೆಯದೋ ಅವರದೋ, ಹೆಣ ಎತ್ತುವಾಗಲೂ ಅಳದ ಮನುಷ್ಯ, ಶಿವಾನಿ ಕಡ್ಡಿಯನ್ನು ಅವರ ಹೆಗಲಿಂದ ಮೆತ್ತಗೆ ತೆಗೆದುಕೊಂಡಳು, ಬೀಳದಿರಲಿ ಅಂತ.

ಅಳು ಮುಗಿದ ಮೇಲೆ ಅವರು ಎರೆಹುಳು ಪೋಣಿಸಿದರು, ಅವಳು ಮುಖ ತಿರುಗಿಸಿಕೊಂಡಳು, ಅವರು ಅದನ್ನು ಕೇಳಿಸಿಕೊಂಡವರಂತೆ ನಕ್ಕರು, ಎಸೆದರು. ನೀಲಿ ಬೆಂಡು ಹರಿವಿನಲ್ಲಿ ಇಳಿಯಿತು, ಮುದುಕಿ ಸಂತೆಯಿಂದ ಹೊರಟಳು, ಕಾಲಿಟ್ಟಳು, ಎತ್ತಿದಳು, ಎಲ್ಲೈತವ್ವ ಬೆಂಡು, ಬಂಡೆ ದಾಟ್ತು ಮಾವ, ಈಗ, ನೊರೆ ಹತ್ರ ಮಾವ, ಈಗ — ಇಲ್ಲ ಮಾವ, ಕಾಣಿಸ್ತಿಲ್ಲ, ಮುಳುಗ್ತು. ಕಡ್ಡಿ ಬಾಗಿ ಕಿರುಗುಟ್ಟಿತು, ಮಾವನ ಕಾಲು ಪಾಚಿಯ ಮೇಲೆ ಜಾರಿತು, ಹಿಡಿಯವ್ವ, ದಾರ ಹಿಡಿ, ಎಳೀಬ್ಯಾಡ, ಅದ್ರ ಜೊತೇಲಿರು ಅಷ್ಟೆ. ಮೊಣಕಾಲುದ್ದದ ನೀರಿಗೆ ಇಳಿದು ತಂಗೂಸಿಯನ್ನು ತೋರುಬೆರಳಿಗೆ ಸುತ್ತಿ ಹಿಡಿದಳು, ಆ ತುದಿಯಲ್ಲಿ ಜೀವ, ಒದೆಯುತ್ತದೆ, ತಡೆಯುತ್ತದೆ, ಮತ್ತೆ ಒದೆಯುತ್ತದೆ, ಅವಳ ನಾಡಿಯೋ ಅದರದೋ ತಿಳಿಯದ ಹಾಗೆ, ನಾನು ಹಿಡಿಯುವುದಿಲ್ಲ ಅಂದಿದ್ದೆನಲ್ಲ, ಹಿಡಿದಿದ್ದೇನೆ, ಬಿಟ್ಟರೆ ಹೋಗುತ್ತದೆ, ಬಿಡಲೇ, ಹಿಂದೆ ಮಾವ ಬಂಡೆ ತಡವುತ್ತ ನಗುತ್ತಿದ್ದಾರೆ, ಬಾಯ್ತುಂಬ ನಗುತ್ತಿದ್ದಾರೆ — ಬಿಡಲಿಲ್ಲ. ಗಂಟೂ ಬಿಡಲಿಲ್ಲ. ಅಂಗೈ ಅಗಲದ ಜಿಲೇಬಿ ಮೀನು, ಮಾವ ಮುಟ್ಟಿ ನೋಡಿ ಮುಳ್ಳು ಬಿಡಿಸಿ ತಂದಿದ್ದ ಕೊಡದೊಳಗೆ ಹಾಕಿದರು, ಶಿವಾನಿ ಆ ಕಡೆ ನೋಡಿದಳು, ಈ ಸಲ ಮುಖ ತಿರುಗಿಸಲಿಲ್ಲ, ಮನಸ್ಸಿನಲ್ಲೇ ಅದಕ್ಕೆ ಏನೋ ಹೇಳಿದಳು. ಹಸಿವಾಯ್ತಾ ಐತೆ ಕಣವ್ವ, ಅಂದರು ಮಾವ, ತಮಗೇ ಆಶ್ಚರ್ಯವಾದಂತೆ. ನಡೀರಿ ಮಾವ, ಮಸಾಲೆ ನಾನು ಅರೆದು ಕೊಡ್ತೀನಿ, ಅತ್ತೆ ಹೆಂಗೆ ಅರೀತಿದ್ರು ನಂಗೊತ್ತು, ಸಾರು ನೀವು ಮಾಡ್ಕೊಳ್ಳಿ. ಏರಿಯ ಮೇಲೆ ಅವರ ಕೈ ಇವಳ ಹೆಗಲ ಮೇಲೆ, ಕೊಡದೊಳಗೆ ಬಾಲ ಬಡಿಯುವ ಸದ್ದು, ಆಮೇಲೆ ಸದ್ದಿಲ್ಲ, ಬೆರಳು ಉರಿಯುತ್ತಿದೆ, ನೋಡಿಕೊಂಡಳು, ತಂಗೂಸಿ ಒತ್ತಿದಲ್ಲಿ ಒಂದು ಕೆಂಪು ಗೆರೆ, ಕೂದಲಷ್ಟು ಸಣ್ಣ. ಸಂಜೆ ಅಮ್ಮನಿಗೆ ಹೇಳಬೇಕು, ಗಂಟು ನಿಂತಿತು ಅಂತ, ಊಟ ಮಾಡಿದರು ಅಂತ, ಮಿಕ್ಕದ್ದನ್ನು ಹೇಗೆ ಹೇಳುವುದು — ಕೆಂಪು ಗೆರೆ — ನಾಳೆ ಬೆಳಗ್ಗೆ ಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ, ವಿಭೂತಿ ಹಚ್ಚುವುದು ಮೀನು ಹಿಡಿದ ಈ ಬಲಗೈಯ ಬೆರಳಲ್ಲೇ, ಹಚ್ಚಬಹುದೇ, ಅಜ್ಜಿ ಏನನ್ನುತ್ತಿದ್ದಳು, ಮಾವ ಹೆಗಲು ಒತ್ತಿ ಕೇಳುತ್ತಾರೆ, ಬಿಸ್ಲು ಜೋರಾಯ್ತಾ ಅವ್ವ, ಇಲ್ಲ ಮಾವ, ಈಗಿನ್ನೂ ಏರ್ತಾ ಐತೆ, ಬೆರಳನ್ನು ಬೆಳಕಿಗೆ ಹಿಡಿಯುತ್ತಾಳೆ, ಗೆರೆ, ಕೆಂಪು, ಸಣ್ಣ, ಅಳಿಸಿಹೋಗಿಲ್ಲ